ಬದು ಹಾಕುವವನು ಯಾರು?

(ಉಯ್ಯಂಬಳ್ಳಿಯಲ್ಲಿ ಸೇರಿದ್ದ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಚುನಾವಣೆಯ ವಿಷಯ ಮಾತನಾಡಲು ಬಂದವರು ಸಾಮಾನ್ಯವಾಗಿ ಯಾರಿಗೆ ಓಟು ಹಾಕಬೇಕೆಂದು ಹೇಳಿ ಕೈಮುಗಿದು ಹೋಗುತ್ತಾರೆ. ಈ ಹೊತ್ತು ನಾನು ಆ ಮಾತನ್ನು ಎತ್ತುವುದಿಲ್ಲ. ಓಟಿನ ಯಂತ್ರ ಊರಿಗೆ ಬರುವುದಕ್ಕೆ ವರ್ಷಗಳ ಮೊದಲೇ ನಡೆದುಹೋಗುವ ಇನ್ನೊಂದು ಕೆಲಸವಿದೆ. ಯಾವ ಊರು ಯಾವ ಊರಿನ ಜೊತೆ ಸೇರಿ ಓಟು ಹಾಕಬೇಕು, ಯಾವ ಬೀದಿಯ ನಡುವೆ ಗೆರೆ ಹಾಯಬೇಕು, ಯಾವ ಕ್ಷೇತ್ರ ಉಳಿಯಬೇಕು, ಯಾವುದು ಅಳಿಯಬೇಕು ಎಂದು ತೀರ್ಮಾನಿಸುವ ಕೆಲಸ. ಕಾಗದಪತ್ರದಲ್ಲಿ ಅದನ್ನು ಕ್ಷೇತ್ರ ಪುನರ್ವಿಂಗಡಣೆ ಎನ್ನುತ್ತಾರೆ. ಹೆಸರು ಕೇಳಿದೊಡನೆ ಆಕಳಿಕೆ ಬರುತ್ತದೆ. ನಮಗೆ ಆಕಳಿಕೆ ಬರುವ ಹೊತ್ತಿನಲ್ಲಿಯೇ ನಡೆಯುವ ಕೆಲಸ ಅದು.

ನಿಮ್ಮ ಹೊಲದ ಬದುವನ್ನು ಪಕ್ಕದವನು ಒಂದು ಗೇಣು ಒತ್ತಿದರೆ ನೀವು ಸುಮ್ಮನಿರುತ್ತೀರಾ? ಸರ್ವೆಯವರನ್ನು ಕರೆಸುತ್ತೀರಿ, ಚೈನು ಹಿಡಿಸುತ್ತೀರಿ, ಕಲ್ಲು ನೆಡಿಸುತ್ತೀರಿ, ಆಗದಿದ್ದರೆ ಕನಕಪುರದ ಕೋರ್ಟಿಗೆ ವರ್ಷಗಟ್ಟಲೆ ಅಲೆಯುತ್ತೀರಿ. ಆದರೆ ನಿಮ್ಮ ಓಟಿನ ಬದು ಕಿತ್ತು ಬೇರೆಡೆ ಹಾಕಿದಾಗ ಈ ತಾಲ್ಲೂಕಿನಲ್ಲಿ ಎಷ್ಟು ಮಂದಿ ಒಂದು ಕಾಗದ ಬರೆದರು?

ಸಾತನೂರು ಎಂಬ ವಿಧಾನಸಭಾ ಕ್ಷೇತ್ರವಿತ್ತು. ನಿಮ್ಮಲ್ಲಿ ನಡುವಯಸ್ಸು ದಾಟಿದವರಿಗೆಲ್ಲ ಅದು ನೆನಪಿದೆ. 1985ರಲ್ಲಿ ದೇವೇಗೌಡರು ಅಲ್ಲಿಂದ ಗೆದ್ದಿದ್ದರು. 1989ರಿಂದ 2004ರವರೆಗೆ ನಾಲ್ಕು ಸಲ ಡಿ.ಕೆ. ಶಿವಕುಮಾರ್ ಗೆದ್ದರು. 2008ರ ಫೆಬ್ರವರಿ 19ರಂದು ರಾಷ್ಟ್ರಪತಿಯವರ ಅಧಿಸೂಚನೆ ಹೊರಟಿತು. ಅಂದಿನಿಂದ ಸಾತನೂರು ಕ್ಷೇತ್ರ ಇಲ್ಲವಾಯಿತು. ಉಯ್ಯಂಬಳ್ಳಿ, ಸಾತನೂರು, ಕೋಡಿಹಳ್ಳಿ, ಕಸಬಾ ಹೋಬಳಿಗಳು ಸೇರಿ ಇಂದಿನ ಕನಕಪುರ ಕ್ಷೇತ್ರವಾದವು. ಕನಕಪುರ ತಾಲ್ಲೂಕಿನದೇ ಆಗಿದ್ದ ಹಾರೋಹಳ್ಳಿ, ಮರಳವಾಡಿ ಹೋಬಳಿಗಳು ರಾಮನಗರ ಕ್ಷೇತ್ರಕ್ಕೆ ಹೋದವು. ರಾಮನಗರ ತಾಲ್ಲೂಕಿನ ಬಿಡದಿ, ಕೂಟಗಲ್ ಹೋಬಳಿಗಳು ಮಾಗಡಿಗೆ ಹೋದವು. ಲೋಕಸಭೆಯ ಪಟ್ಟಿಯಲ್ಲಿ ಕನಕಪುರ ಎಂಬ ಹೆಸರೇ ಮಾಯವಾಗಿ ಬೆಂಗಳೂರು ಗ್ರಾಮಾಂತರ ಎಂಬ ಹೊಸ ಹೆಸರು ಬಂತು. ಅದರ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮವು ನಾಲ್ಕು, ಕುಣಿಗಲ್ ಒಂದು. ಉಳಿದ ಮೂರು, ಅಂದರೆ ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ, ಆನೇಕಲ್, ನಗರದ ಕಡೆಯವು.

ಈ ಸೀಮೆಯ ಜಿಲ್ಲೆಯ ಹೆಸರೂ ನಿಂತಲ್ಲಿ ನಿಲ್ಲಲಿಲ್ಲ. ಮೊದಲು ಬೆಂಗಳೂರು, 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಆ ಹೆಸರುಗಳ ಬಗ್ಗೆ ಎಷ್ಟೊಂದು ಮೆರವಣಿಗೆ, ಎಷ್ಟೊಂದು ಧಿಕ್ಕಾರ! ಹೆಸರು ಬದಲಾದರೆ ಅಂಗಡಿಯ ಬೋರ್ಡು ಬರೆಸುವ ಖರ್ಚು ಬೀಳುತ್ತದೆ. ಗೆರೆ ಬದಲಾದರೆ ಆಳುವವರು ಬದಲಾಗುತ್ತಾರೆ. ನಾವು ಬೋರ್ಡಿಗಾಗಿ ಜಗಳವಾಡಿದೆವು.

2008ಕ್ಕೆ ಮೊದಲು ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ, ಸಾತನೂರು ಎಂದು ನಮ್ಮ ಸೀಮೆಗೆ ಐದು ಸ್ಥಾನ. ಆಮೇಲೆ ನಾಲ್ಕು. ಅದೇ ಆಜ್ಞೆಯಲ್ಲಿ ಆನೇಕಲ್ ಸೇರಿ ಬೆಂಗಳೂರು ನಗರ ಜಿಲ್ಲೆಯ ಸ್ಥಾನಗಳು 16ರಿಂದ 28ಕ್ಕೆ ಏರಿದವು. ವಿಧಾನಸಭೆಯ ಒಟ್ಟು ಸಂಖ್ಯೆ ಮಾತ್ರ 224 ಇದ್ದದ್ದು 224. ಅಂದ ಮೇಲೆ ಬೆಂಗಳೂರಿನ ಹನ್ನೆರಡು ಹೊಸ ಕುರ್ಚಿಗಳು ಆಕಾಶದಿಂದ ಉದುರಲಿಲ್ಲ. ಸಾತನೂರಿನಂಥ ಊರುಗಳಿಂದ ಎದ್ದು ಹೋದವು.

ಇದು ಅನ್ಯಾಯವೇ? ತಾಳಿ, ಅವಸರದಲ್ಲಿ ಹೌದು ಎನ್ನಬೇಡಿ. ಬೆಂಗಳೂರಿನ ಉತ್ತರಹಳ್ಳಿ ಎಂಬ ಹಳೆಯ ಕ್ಷೇತ್ರದಲ್ಲಿ ಮತದಾರರು ಲಕ್ಷಗಟ್ಟಲೆ ಬೆಳೆದು, ಹಳ್ಳಿಯ ಕ್ಷೇತ್ರಗಳ ಹಲವು ಪಟ್ಟು ಆಗಿತ್ತು. ಅಲ್ಲಿಯ ಗಾರ್ಮೆಂಟ್ಸ್ ಹೆಣ್ಣುಮಗಳ ಓಟಿನ ತೂಕ ಇಲ್ಲಿಯ ಒಬ್ಬ ಜಮೀನುದಾರನ ಓಟಿನ ಒಂದು ಚೂರಿಗೆ ಸಮ. ಆ ಹೆಣ್ಣುಮಗಳು ಯಾರು? ಮಳೆ ಹೋಗಿ ರಾಗಿ ಒಣಗಿದ ವರ್ಷ ಕನಕಪುರ ರಸ್ತೆಯಲ್ಲಿ ಬಸ್ಸು ಹತ್ತಿದ ನಮ್ಮದೇ ಮನೆಯ ಮಗು. ಒಬ್ಬನಿಗೆ ಒಂದು ಓಟು ಎಂದರೆ ಆ ಓಟುಗಳ ಬೆಲೆಯೂ ಒಂದೇ ಆಗಿರಬೇಕು. ಮೂವತ್ತು ವರ್ಷ ಗೆರೆ ಅಲುಗಿಸದೆ ಇಟ್ಟದ್ದೇ ತಪ್ಪು. 2008ರಲ್ಲಿ ಅದನ್ನು ಸರಿಪಡಿಸಿದ್ದು ತಪ್ಪಲ್ಲ. ಇಷ್ಟನ್ನು ನಾವು ಒಪ್ಪಬೇಕು.

ಆದರೆ ಸರಿಪಡಿಸುವ ಕೆಲಸದಲ್ಲಿಯೂ ಯಾರಿಗೋ ಲಾಭ, ಯಾರಿಗೋ ನಷ್ಟ ಆಗಿಯೇ ಆಗುತ್ತದೆ. ಬೆಂಗಳೂರಿನಲ್ಲಿ ಬಿನ್ನಿಪೇಟೆ ಎಂಬ ಕ್ಷೇತ್ರವಿತ್ತು. ಬಿನ್ನಿ ಮಿಲ್ಲಿನ ಹೆಸರು ಹೊತ್ತ ಕ್ಷೇತ್ರ. ಮಿಲ್ಲು ಮೊದಲು ಮುಚ್ಚಿತು, ಆಮೇಲೆ ಕ್ಷೇತ್ರವೂ ಅದೇ ಪಟ್ಟಿಯಲ್ಲಿ ಅಳಿಯಿತು. ಹೊಸ ಕ್ಷೇತ್ರಗಳಿಗೆ ಬಡಾವಣೆಗಳ ಹೆಸರು ಬಂದವು. ಹೊಸ ಗೆರೆಗಳ ಮೇಲೆ ಇಡೀ ದೇಶದಲ್ಲಿ ಮೊದಲು ಚುನಾವಣೆ ನಡೆದ ರಾಜ್ಯ ನಮ್ಮದೇ. ಅದು 2008ರ ಮೇ ತಿಂಗಳು. ಕಾಂಗ್ರೆಸ್ಸಿಗೆ ಬಿದ್ದ ಓಟು ನೂರಕ್ಕೆ 34.8, ಬಿಜೆಪಿಗೆ 33.9. ಸ್ಥಾನಗಳು? ಕಾಂಗ್ರೆಸ್ಸಿಗೆ 80, ಬಿಜೆಪಿಗೆ 110. ಬೆಂಗಳೂರಿನ 28ರಲ್ಲಿ 17 ಬಿಜೆಪಿಯ ಪಾಲಾದವು. ಬಹುಮತಕ್ಕೆ ಬೇಕಿದ್ದದ್ದು 113. ಇದೆಲ್ಲ ಗೆರೆಯೊಂದರ ಕರಾಮತ್ತು ಎಂದು ನಾನು ಹೇಳಲಾರೆ. ಮೂರು ಪಕ್ಷಗಳ ನಡುವೆ ಓಟು ಒಡೆದದ್ದೂ ಇದೆ. ಆದರೆ ಹೆಚ್ಚು ಓಟು ಪಡೆದವನು ಕೆಳಗೆ, ಕಡಮೆ ಪಡೆದವನು ಮೇಲೆ ಕೂರುವುದು ಸಾಧ್ಯ ಎಂಬುದನ್ನು ಆ ವರ್ಷ ನಾವೇ ಕಣ್ಣಾರೆ ಕಂಡೆವು.

ಹೇಗೆ ಸಾಧ್ಯ ಎಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ವ್ಯಾಪಾರಿಗಳು ಇದ್ದೀರಿ, ಬೆರಳಿನಲ್ಲಿಯೇ ಎಣಿಸಿ. ಒಂದು ಊರಿನಲ್ಲಿ 15 ಕೇರಿಗಳು, ಎಲ್ಲ ಒಂದೇ ಅಳತೆಯವು. 9 ಕೇರಿ ಕೊಡದ ಗುರುತಿಗೆ, 6 ಕೇರಿ ಬುಟ್ಟಿಯ ಗುರುತಿಗೆ. ಐದೈದು ಕೇರಿ ಸೇರಿಸಿ ಮೂರು ವಾರ್ಡು ಮಾಡಬೇಕು. ಕೊಡದವನ ಕೈಗೆ ಪೆನ್ಸಿಲು ಕೊಡಿ: ಬುಟ್ಟಿಯ ಆರು ಕೇರಿಗಳನ್ನು ಪ್ರತಿ ವಾರ್ಡಿಗೆ ಎರಡೆರಡರಂತೆ ಚದುರಿಸುತ್ತಾನೆ. ಎಲ್ಲ ಕಡೆ ಮೂರಕ್ಕೆ ಎರಡು. ಮೂರು ವಾರ್ಡೂ ಕೊಡಕ್ಕೆ, ಬುಟ್ಟಿಗೆ ಸೊನ್ನೆ. ಈಗ ಬುಟ್ಟಿಯವನ ಕೈಗೆ ಪೆನ್ಸಿಲು ಕೊಡಿ: ತನ್ನ ಆರು ಕೇರಿಗಳನ್ನು ಮೂರು ಮೂರಾಗಿ ಎರಡು ವಾರ್ಡಿಗೆ ಹಾಕಿ, ಕೊಡದ ಐದು ಕೇರಿಗಳನ್ನು ಒಂದೇ ವಾರ್ಡಿಗೆ ತುರುಕುತ್ತಾನೆ. ಒಂದು ವಾರ್ಡು ಕೊಡಕ್ಕೆ, ಎರಡು ಬುಟ್ಟಿಗೆ. ಆರು ಕೇರಿಯವನು ಒಂಬತ್ತು ಕೇರಿಯವನನ್ನು ಆಳುತ್ತಾನೆ! ಒಬ್ಬನೇ ಒಬ್ಬ ಮನಸ್ಸು ಬದಲಿಸಿಲ್ಲ. ಕಳ್ಳ ಓಟು ಒಂದೂ ಬಿದ್ದಿಲ್ಲ. ಹೆಂಡ ಹಂಚಿಲ್ಲ, ಸೀರೆ ಹಂಚಿಲ್ಲ. ಪೆನ್ಸಿಲು ಕೈ ಬದಲಾಯಿಸಿತು, ಅಷ್ಟೆ.

ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುವ ರೈತರನ್ನು ಕೇಳಿ. ಗೂಡು ಕೊಳ್ಳುವ ರೀಲರು ತಾನೇ ತಕ್ಕಡಿ ಹಿಡಿಯುವ ಹಾಗಿಲ್ಲ. ಕೊಳ್ಳುವವನು ಬೇರೆ, ತೂಗುವವನು ಬೇರೆ. ಈ ಒಂದು ನಿಯಮಕ್ಕಾಗಿಯೇ ಸರಕಾರಿ ಮಾರುಕಟ್ಟೆ ಬೇಕೆಂದು ಬೆಳೆಗಾರರು ಕೇಳುವುದು. ಓಟಿನ ಮಾರುಕಟ್ಟೆಯಲ್ಲಿ ತಕ್ಕಡಿ ಯಾರ ಕೈಯಲ್ಲಿದೆ ಎಂಬುದೇ ನನ್ನ ಇಂದಿನ ಮಾತು.

ಕೊಳ್ಳುವವನೇ ತೂಗಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ದೇಶವನ್ನು ನೋಡಬೇಕು. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಶಾಸನಸಭೆಯವರೇ ತಮ್ಮ ಕ್ಷೇತ್ರದ ಗೆರೆ ತಾವೇ ಎಳೆಯುತ್ತಾರೆ. 1812ರಲ್ಲಿಯೇ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಗೆರ್ರಿ ಎಂಬಾತ ತನ್ನ ಪಕ್ಷಕ್ಕೆ ಅನುಕೂಲವಾಗುವಂತೆ ಎಳೆದ ಗೆರೆಗಳಿಗೆ ಸಹಿ ಹಾಕಿದ. ಒಂದು ಕ್ಷೇತ್ರ ಹಲ್ಲಿಯಂಥ ಪ್ರಾಣಿಯ ಆಕಾರಕ್ಕೆ ಬಂತು. ಅವನ ಹೆಸರೇ ಈ ವಿದ್ಯೆಗೆ ನಿಂತುಹೋಯಿತು.

ವಿಸ್ಕಾನ್ಸಿನ್ ಎಂಬ ರಾಜ್ಯವಿದೆ. ಕಾಗದದ ಮಿಲ್ಲುಗಳ ನಾಡು. ಅದರ ಕೆಳಮನೆಯಲ್ಲಿ 99 ಸ್ಥಾನ. 1952ರಲ್ಲಿ ನಮ್ಮ ಹಳೆಯ ಮೈಸೂರಿನ ಮೊದಲ ವಿಧಾನಸಭೆಯಲ್ಲಿ ಇದ್ದದ್ದೂ 99, ರಾಮನಗರದಿಂದ ಗೆದ್ದ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾದ ಸಭೆ. ಆ ವಿಸ್ಕಾನ್ಸಿನ್ನಿನಲ್ಲಿ 2011ರಲ್ಲಿ ರಿಪಬ್ಲಿಕನ್ ಪಕ್ಷದ ಸರಕಾರ ಎರಡು ಕೆಲಸ ಮಾಡಿತು. ಒಂದು, ಸರಕಾರಿ ನೌಕರರ ಸಂಘಗಳಿಗೆ ಒಟ್ಟಾಗಿ ಚೌಕಾಶಿ ಮಾಡುವ ಹಕ್ಕನ್ನು ಬಹುಪಾಲು ಕಿತ್ತುಕೊಂಡಿತು. ಸಾವಿರಾರು ಕೆಲಸಗಾರರು ವಾರಗಟ್ಟಲೆ ವಿಧಾನಸೌಧದಲ್ಲಿಯೇ ಮಲಗಿದರು. ಕಾನೂನು ಹಾಗೆಯೇ ಆಯಿತು. ಇನ್ನೊಂದು, ಕ್ಷೇತ್ರಗಳ ಗೆರೆಯನ್ನು ಹೊಸದಾಗಿ ಎಳೆದುಕೊಂಡಿತು. ಆ ನಕ್ಷೆ ತಯಾರಾದದ್ದು ಖಾಸಗಿ ವಕೀಲರ ಆಫೀಸಿನಲ್ಲಿ. ಗುಟ್ಟು ಬಿಡುವುದಿಲ್ಲವೆಂದು ಕಾಗದಕ್ಕೆ ಸಹಿ ಹಾಕಿ ಶಾಸಕರು ಒಬ್ಬೊಬ್ಬರಾಗಿ ಒಳಗೆ ಹೋಗಿ ತಂತಮ್ಮ ಕ್ಷೇತ್ರ ನೋಡಿ ಬಂದರು. 2012ರ ಚುನಾವಣೆಯಲ್ಲಿ ಆ ಪಕ್ಷಕ್ಕೆ ನೂರಕ್ಕೆ 48.6 ಓಟು ಬಿತ್ತು. 99ರಲ್ಲಿ 60 ಸ್ಥಾನ ಬಂತು. ಸಂಘಗಳ ಕೈ ಕಟ್ಟಿದವರನ್ನು ಓಟಿನಲ್ಲಿ ಇಳಿಸುತ್ತೇವೆ ಎಂದುಕೊಂಡಿದ್ದ ಕಾರ್ಮಿಕರಿಗೆ ಓಟು ಹೆಚ್ಚು ಬಿದ್ದರೂ ಸಭೆ ಸಿಗಲಿಲ್ಲ. 2015ರಲ್ಲಿ ಅದೇ ಪಕ್ಷದ ಬಹುಮತವಿದ್ದ ಸಭೆ ಖಾಸಗಿ ಕಾರ್ಖಾನೆಗಳ ಯೂನಿಯನ್ನುಗಳ ಮೇಲೂ ಕೈ ಹಾಕಿತು.

ಕೋರ್ಟಿಗೆ ಹೋಗಬಾರದೆ ಎಂದು ಕೇಳುತ್ತೀರಿ. ಹೋದರು. 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಪಕ್ಷಲಾಭಕ್ಕಾಗಿ ಗೆರೆ ಎಳೆಯುವ ವ್ಯಾಜ್ಯ ಒಕ್ಕೂಟದ ಕೋರ್ಟುಗಳದ್ದಲ್ಲ ಎಂದು ಕೈ ತೊಳೆದುಕೊಂಡಿತು. ಉಳಿದದ್ದು ರಾಜ್ಯಗಳ ಕೋರ್ಟು. ಅಲ್ಲಿಯ ವಿಚಿತ್ರ ನೋಡಿ, ಬಹಳ ರಾಜ್ಯಗಳಲ್ಲಿ ನ್ಯಾಯಾಧೀಶರೂ ಓಟಿಗೆ ನಿಲ್ಲುತ್ತಾರೆ! ಗೆರೆ ಎಳೆಯುವವರು ಶಾಸಕರು, ಗೆರೆ ಸರಿಯೇ ಎಂದು ಹೇಳುವವರು ಜಡ್ಜಿಗಳು, ಜಡ್ಜಿಗಳನ್ನು ಆರಿಸುವುದು ರಾಜ್ಯದ ಮತದಾರರು. ಶಾಸನಸಭೆಯ ಕ್ಷೇತ್ರಗಳನ್ನು ಹರಿದು ಹಂಚಬಹುದು. ಇಡೀ ರಾಜ್ಯವೇ ಒಂದು ಕ್ಷೇತ್ರವಾದ ಜಡ್ಜಿಯ ಚುನಾವಣೆಯಲ್ಲಿ ಹರಿಯಲು ಗೆರೆಯೇ ಇಲ್ಲ. ಆದ್ದರಿಂದ ಜನ ಆ ಬಾಗಿಲಿನಿಂದ ಒಳಗೆ ಬಂದರು. 2023ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್ನಿನಲ್ಲಿ ಒಬ್ಬ ಹೊಸ ಜಡ್ಜಿ ಗೆದ್ದರು; ಕೋರ್ಟಿನ ಬಹುಮತ ಬದಲಾಯಿತು. ಡಿಸೆಂಬರ್‌ನಲ್ಲಿ ಹಳೆಯ ನಕ್ಷೆ ರದ್ದಾಯಿತು. 2024ರಲ್ಲಿ ಹೊಸ ನಕ್ಷೆಯ ಮೇಲೆ ಓಟು ನಡೆದಾಗ ರಿಪಬ್ಲಿಕನ್ನರಿಗೆ 54, ಡೆಮೊಕ್ರಾಟರಿಗೆ 45.

ಇದನ್ನು ಕೇಳಿ ಚಪ್ಪಾಳೆ ತಟ್ಟುವ ಮೊದಲು ನಾರ್ತ್ ಕೆರೋಲಿನಾ ರಾಜ್ಯದ ಕಥೆಯನ್ನೂ ಕೇಳಿ. ಅಲ್ಲಿ 2022ರ ಆರಂಭದಲ್ಲಿ ಕೋರ್ಟು ಪಕ್ಷಪಾತದ ನಕ್ಷೆಯನ್ನು ತಳ್ಳಿಹಾಕಿತು. ಆ ವರ್ಷ ನಡೆದ ಚುನಾವಣೆಯಲ್ಲಿ ದೇಶದ ಸಂಸತ್ತಿಗೆ ಆ ರಾಜ್ಯದಿಂದ ಎರಡೂ ಪಕ್ಷಕ್ಕೆ ಏಳೇಳು ಸ್ಥಾನ. ಅದೇ ದಿನ ಜಡ್ಜಿಗಳ ಚುನಾವಣೆಯೂ ನಡೆದು ಕೋರ್ಟಿನ ಬಹುಮತ ಉಲ್ಟಾ ಆಯಿತು. 2023ರ ಏಪ್ರಿಲ್‌ನಲ್ಲಿ ಅದೇ ಕೋರ್ಟು, ಅದೇ ಮೊಕದ್ದಮೆಯಲ್ಲಿ, ತನ್ನದೇ ತೀರ್ಪನ್ನು ತಿರುಗಿಸಿ ಬರೆಯಿತು. 2024ರಲ್ಲಿ ಏಳೇಳು ಹೋಗಿ ಹತ್ತು ನಾಲ್ಕಾಯಿತು. ಸಂವಿಧಾನದ ಒಂದು ಅಕ್ಷರವೂ ಬದಲಾಗಿರಲಿಲ್ಲ. ಕುರ್ಚಿಯ ಮೇಲಿನ ಮನುಷ್ಯರು ಬದಲಾಗಿದ್ದರು.

ಇನ್ನು ಹಣದ ಮಾತು. ವಿಸ್ಕಾನ್ಸಿನ್ನಿನಲ್ಲಿ 2025ರ ಏಪ್ರಿಲ್ 1ರಂದು ನಡೆದ ಒಂದೇ ಒಂದು ಜಡ್ಜಿ ಸ್ಥಾನದ ಚುನಾವಣೆಗೆ ಹತ್ತು ಕೋಟಿ ಡಾಲರಿಗೂ ಹೆಚ್ಚು ಹಣ ಸುರಿಯಿತು. ಜಗತ್ತಿನ ದೊಡ್ಡ ಸಾಹುಕಾರ ಮಸ್ಕ್ ಎಂಬಾತ ಸಭೆಯಲ್ಲಿ ನಿಂತು ಇಬ್ಬರು ಮತದಾರರಿಗೆ ಹತ್ತು ಹತ್ತು ಲಕ್ಷ ಡಾಲರಿನ ಚೆಕ್ಕು ಹಂಚಿದ. ಅವನ ಕಡೆಯವರು ಸೋತರು, ಆ ಮಾತು ಬೇರೆ. ನಮ್ಮಲ್ಲಿ ಎಲೆಕ್ಷನ್ನಿನ ಹಿಂದಿನ ರಾತ್ರಿ ಮನೆ ಮನೆಗೆ ಕುಕ್ಕರು ಹಂಚಿದವರನ್ನು ಬೈಯುತ್ತೇವಲ್ಲ, ಅವರು ಕತ್ತಲೆಯಲ್ಲಾದರೂ ಬರುತ್ತಾರೆ.

ಆದ್ದರಿಂದ ಜಡ್ಜಿಗಳನ್ನು ಓಟಿಗೆ ನಿಲ್ಲಿಸಬೇಕು ಎಂದು ನಾನು ಹೇಳಲು ಬಂದಿಲ್ಲ. ಸಾಲ ಮಾಡಿ ಗೆದ್ದ ಜಡ್ಜಿ ಯಾರ ಸಾಲ ತೀರಿಸುತ್ತಾನೆ ಎಂಬುದು ಅಂಗಡಿ ಇಟ್ಟವರಿಗೆ ಹೇಳಿಕೊಡಬೇಕಾಗಿಲ್ಲ.

ನಮ್ಮ ಸಂವಿಧಾನ ಮಾಡಿದವರು ಬೇರೆ ದಾರಿ ಹಿಡಿದರು. ಲೋಕಸಭೆಗೂ ವಿಧಾನಸಭೆಗೂ ಗೆರೆ ಎಳೆಯುವುದು ಶಾಸಕರಲ್ಲ, ಪುನರ್ವಿಂಗಡಣಾ ಆಯೋಗ. ಇಂಥ ಆಯೋಗ ಈವರೆಗೆ 1952, 1963, 1973, 2002ರ ಕಾನೂನುಗಳಂತೆ ನಾಲ್ಕು ಸಲ ಕೂತಿದೆ. ಕೊನೆಯದಕ್ಕೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷರು. ಜೊತೆಗೆ ಕೇಂದ್ರ ಚುನಾವಣಾ ಆಯೋಗದ ಒಬ್ಬರು, ಆಯಾ ರಾಜ್ಯದ ಚುನಾವಣಾ ಆಯುಕ್ತರು. ಪ್ರತಿ ರಾಜ್ಯದಿಂದ ಐದು ಸಂಸತ್ ಸದಸ್ಯರು, ಐದು ಶಾಸಕರು ಸಲಹೆಗೆ ಕೂರಬಹುದು, ಓಟಿಲ್ಲ, ಸಹಿಯಿಲ್ಲ. ಆಯೋಗದ ಆಜ್ಞೆ ಗೆಜೆಟ್ಟಿನಲ್ಲಿ ಬಂತೆಂದರೆ ಅದು ಕಾನೂನೇ. ಸಂಸತ್ತೂ ಅದರಲ್ಲಿ ಒಂದು ಅಲ್ಪವಿರಾಮ ತಿದ್ದುವಂತಿಲ್ಲ. ತೂಗುವವನು ಬೇರೆ, ಕೊಳ್ಳುವವನು ಬೇರೆ ಎಂಬ ನಿಯಮ ಇಲ್ಲಿ ಬಹುಮಟ್ಟಿಗೆ ಉಳಿದಿದೆ. ಇದು ಹೆಮ್ಮೆಯ ವಿಷಯ, ಹೇಳಿಕೊಳ್ಳೋಣ.

ಆದರೆ ಅದೇ ಸಂವಿಧಾನದ 329ನೇ ವಿಧಿ ಕೋರ್ಟಿನ ಬಾಗಿಲಿಗೂ ಅಗುಳಿ ಹಾಕಿತು. ಉಜ್ಜಯಿನಿ ಕ್ಷೇತ್ರದ ವಿಷಯದಲ್ಲಿ ಮೇಘರಾಜ್ ಕೊಠಾರಿ ಎಂಬವರು ತಂದ ಮೊಕದ್ದಮೆಯಲ್ಲಿ 1966ರಲ್ಲಿ ಸುಪ್ರೀಂ ಕೋರ್ಟು, ಗೆಜೆಟ್ಟಿನಲ್ಲಿ ಬಂದ ಗೆರೆಯನ್ನು ಪ್ರಶ್ನಿಸುವ ಹಾಗಿಲ್ಲ ಎಂದಿತು. ಐವತ್ತೆಂಟು ವರ್ಷಗಳ ಮೇಲೆ, 2024ರ ಜುಲೈನಲ್ಲಿ, ಗುಜರಾತಿನ ಬಾರ್ಡೋಲಿಯ ಮೊಕದ್ದಮೆಯಲ್ಲಿ ಅದೇ ಕೋರ್ಟು ಒಂದು ಕಿಟಕಿ ತೆರೆಯಿತು. ಕಣ್ಣಿಗೆ ಹೊಡೆಯುವಂಥ ಸ್ವೇಚ್ಛೆ ಇದ್ದರೆ, ಸಂವಿಧಾನದ ಮೌಲ್ಯಗಳಿಗೆ ಸರಿಹೊಂದದಿದ್ದರೆ ನೋಡಬಹುದು ಎಂದಿತು. ಬಾಗಿಲಲ್ಲ, ಕಿಟಕಿ. ಆದಷ್ಟೂ ಲಾಭವೇ.

ಇಷ್ಟು ಹೊತ್ತು ವಿಧಾನಸಭೆಯ ಮಾತು. ಈಗ ನಿಮ್ಮ ಬಾಗಿಲಿಗೆ ಬರುತ್ತೇನೆ. ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ನಗರಪಾಲಿಕೆಗಳ ಗೆರೆಗೆ ಆ ದೊಡ್ಡ ಆಯೋಗವಿಲ್ಲ. ಅಲ್ಲಿ ಪೆನ್ಸಿಲು ರಾಜ್ಯ ಸರಕಾರದ ಮೇಜಿನ ಹತ್ತಿರವೇ ಇರುತ್ತದೆ.

1983ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದ ಮೇಲೆ ಉಪಚುನಾವಣೆಯಲ್ಲಿ ಅವರನ್ನು ಆರಿಸಿ ಕಳಿಸಿದ್ದು ಕನಕಪುರ. ಅವರೂ ನಜೀರ್ ಸಾಹೇಬರೂ ಸೇರಿ ಜಿಲ್ಲಾ ಪರಿಷತ್ತಿನ ಕಾನೂನು ತಂದರು. 1987ರಲ್ಲಿ ಚುನಾವಣೆ ನಡೆಯಿತು. ದೇಶಕ್ಕೇ ಮಾದರಿ ಎಂದು ಹೊರಗಿನವರು ನೋಡಲು ಬಂದರು. ಅದೇ ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರವರಿಯಲ್ಲಿ ಓಟು ನಡೆದು 2021ರಲ್ಲಿ ಅವಧಿ ಮುಗಿಯಿತು. ಐದು ವರ್ಷ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕೆಂದು ಸಂವಿಧಾನದಲ್ಲಿಯೇ ಬರೆದಿದೆ. ರಾಜ್ಯ ಚುನಾವಣಾ ಆಯೋಗ ಕ್ಷೇತ್ರಗಳನ್ನು ಗುರುತಿಸಿ, ಮೀಸಲಾತಿಯ ಕರಡನ್ನೂ ಪ್ರಕಟಿಸಿತು. ಆಗ ಸರಕಾರ ಏನು ಮಾಡಿತು? 2021ರಲ್ಲಿಯೇ ಕಾನೂನಿಗೆ ತಿದ್ದುಪಡಿ ತಂದು ಗೆರೆ ಎಳೆಯುವ ಅಧಿಕಾರವನ್ನು ಚುನಾವಣಾ ಆಯೋಗದ ಕೈಯಿಂದ ತೆಗೆದು, ತಾನೇ ನೇಮಿಸುವ ಇನ್ನೊಂದು ಆಯೋಗಕ್ಕೆ ಕೊಟ್ಟಿತು. ಹೊಲಿದು ಮುಗಿದ ಅಂಗಿಯನ್ನು ಬಿಚ್ಚಿ ಮತ್ತೆ ಅಳತೆ ತೆಗೆಯುವ ಹಾಗೆ.

ಚುನಾವಣಾ ಆಯೋಗ ಹೈಕೋರ್ಟಿಗೆ ಹೋಯಿತು. ವಾಯಿದೆಯ ಮೇಲೆ ವಾಯಿದೆ. 2022ರ ಡಿಸೆಂಬರ್‌ನಲ್ಲಿ ತಡ ಮಾಡಿದ್ದಕ್ಕೆ ಹೈಕೋರ್ಟು ಸರಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ದಂಡ ಯಾರ ಜೇಬಿನಿಂದ ಹೋಗುವುದು? ನಿಮ್ಮ ನಮ್ಮ ಜೇಬಿನದೇ. ಆಗ ಇದ್ದದ್ದು ಬಿಜೆಪಿ ಸರಕಾರ. 2023ರಲ್ಲಿ ಕಾಂಗ್ರೆಸ್ ಸರಕಾರ ಬಂತು. ಪಂಚಾಯಿತಿಯ ಹಣೆಬರಹ ಬದಲಾಗಲಿಲ್ಲ. 2023 ಕಳೆಯಿತು, 2024 ಕಳೆಯಿತು, 2025 ಕಳೆಯಿತು. ಅಷ್ಟು ವರ್ಷ ಕನಕಪುರ ತಾಲ್ಲೂಕು ಪಂಚಾಯಿತಿಯ ಕುರ್ಚಿಗಳಲ್ಲಿ ನೀವು ಆರಿಸಿದ ಒಬ್ಬನೂ ಕೂರಲಿಲ್ಲ. ಆಡಳಿತಾಧಿಕಾರಿ ಬರುತ್ತಾರೆ, ಸಹಿ ಹಾಕುತ್ತಾರೆ, ವರ್ಗವಾಗಿ ಹೋಗುತ್ತಾರೆ. ಕುಡಿಯುವ ನೀರಿನ ಪೈಪು ಯಾವ ಹಟ್ಟಿಗೆ ಮೊದಲು, ಶಾಲೆಯ ಯಾವ ಕೊಠಡಿಗೆ ಹೆಂಚು ಎಂಬುದನ್ನು ಕೇಳಲು ನಿಮಗೆ ಉಳಿದದ್ದು ಶಾಸಕರ ಮನೆಯ ಬಾಗಿಲು ಒಂದೇ. ತಾಲ್ಲೂಕಿನಲ್ಲಿ ಹತ್ತಾರು ಚುನಾಯಿತರು ಇರಬೇಕಾದ ಕಡೆ ಒಬ್ಬನೇ ಉಳಿದರೆ ಆ ಒಬ್ಬನಿಗೆ ಅದು ಕಷ್ಟವೇ? ಪಕ್ಷ ಯಾವುದಾದರೂ ಆಗಲಿ, ಗೆರೆಯ ನೆಪ ಹೇಳಿ ಚುನಾವಣೆ ಮುಂದೂಡುವುದರಲ್ಲಿ ಶಾಸಕರೆಲ್ಲ ಒಂದೇ ಪಕ್ಷ.

ಬೆಂಗಳೂರಿನ ಕಥೆ ಇನ್ನೂ ಸೊಗಸು. ಪಾಲಿಕೆಗೆ ಕೊನೆಯ ಓಟು 2015ರಲ್ಲಿ. ಅವಧಿ ಮುಗಿದದ್ದು 2020ರ ಸೆಪ್ಟೆಂಬರ್. ಆಗ ವಾರ್ಡು 198. ಆ ಡಿಸೆಂಬರ್‌ನಲ್ಲಿ ಹೈಕೋರ್ಟು, ಇದ್ದ ವಾರ್ಡುಗಳಿಗೇ ಚುನಾವಣೆ ನಡೆಸಿ ಎಂದಿತು. ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ ಬಂತು. 2022ರ ಜುಲೈನಲ್ಲಿ ಬಿಜೆಪಿ ಸರಕಾರ 243 ವಾರ್ಡು ಮಾಡಿತು. ಗೆರೆ ತಮಗೆ ವಿರುದ್ಧವಾಗಿದೆಯೆಂದು ಕಾಂಗ್ರೆಸ್ಸಿನವರು ಬೀದಿಗೆ ಇಳಿದರು, ಕೋರ್ಟಿಗೂ ದೂರು ಹೋಯಿತು. 2023ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ಸರಕಾರ ಅದನ್ನು 225 ಮಾಡಿತು. ಈಗ ಕೂಗುವ ಸರದಿ ಬಿಜೆಪಿಯವರದು. 2025ರಲ್ಲಿ ಒಂದು ಪಾಲಿಕೆ ಒಡೆದು ಐದಾಯಿತು, ವಾರ್ಡು 369 ಆಯಿತು. ಸಂಗಾತಿಗಳೆ, ಮೂರು ಸಲ ಗೆರೆ ಎಳೆದರು. ಆ ಐದು ವರ್ಷದಲ್ಲಿ ಒಂದು ಸಲವೂ ಓಟು ನಡೆಸಲಿಲ್ಲ. ಸುಪ್ರೀಂ ಕೋರ್ಟು 2022ರ ಮೇ 10ರಂದೇ, ಮಧ್ಯಪ್ರದೇಶದ ಮೊಕದ್ದಮೆಯಲ್ಲಿ, ಪುನರ್ವಿಂಗಡಣೆ ಮುಗಿಯಲಿಲ್ಲವೆಂದು ಸ್ಥಳೀಯ ಚುನಾವಣೆ ನಿಲ್ಲಿಸಬಾರದು ಎಂದು ಹೇಳಿತ್ತು. ಹೇಳುವುದು ಕೋರ್ಟಿನ ಕೆಲಸ, ಕೇಳಿಸಿಕೊಳ್ಳದಿರುವುದು ನಮ್ಮವರ ಅಭ್ಯಾಸ.

ದಿಲ್ಲಿಯ ಗೆರೆಯ ಮಾತನ್ನೂ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಕರ್ನಾಟಕಕ್ಕೆ ಲೋಕಸಭೆಯಲ್ಲಿ 28 ಸ್ಥಾನ. ಅದು 1971ರ ಜನಗಣತಿಯ ಲೆಕ್ಕ. ಆಗ ನಾವು 2 ಕೋಟಿ 93 ಲಕ್ಷ. 2011ಕ್ಕೆ 6 ಕೋಟಿ 11 ಲಕ್ಷವಾದೆವು, ಸ್ಥಾನ ಅಷ್ಟೇ. 1976ರಲ್ಲಿ ಒಮ್ಮೆ, 2001ರಲ್ಲಿ ಒಮ್ಮೆ ಸಂವಿಧಾನ ತಿದ್ದಿ ಈ ಹಂಚಿಕೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ತಡೆದು ನಿಲ್ಲಿಸಿದರು. 2027ರ ಮಾರ್ಚ್ 1 ಜನಗಣತಿಯ ದಿನವೆಂದು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. ಹೆಣ್ಣುಮಕ್ಕಳಿಗೆ ಮೂರನೆಯ ಒಂದು ಪಾಲು ಸ್ಥಾನವೆಂದು 2023ರಲ್ಲಿ ಮಾಡಿದ ತಿದ್ದುಪಡಿಯನ್ನೂ ಮುಂದಿನ ಪುನರ್ವಿಂಗಡಣೆಗೇ ಗಂಟು ಹಾಕಿದರು. ಮಕ್ಕಳ ಸಂಖ್ಯೆ ಹಿಡಿತಕ್ಕೆ ತಂದ ದಕ್ಷಿಣದ ರಾಜ್ಯಗಳು ಆ ಕಾರಣಕ್ಕೇ ಪಾಲು ಕಳೆದುಕೊಳ್ಳಬಾರದೆಂದು 2025ರ ಮಾರ್ಚ್ 22ರಂದು ಚೆನ್ನೈಯಲ್ಲಿ ಸಭೆ ಸೇರಿದರು. ಉಪಮುಖ್ಯಮಂತ್ರಿಯಾಗಿದ್ದ ನಮ್ಮ ಕನಕಪುರದ ಶಾಸಕರೂ ಹೋಗಿದ್ದರು. ಹೋಗಿದ್ದು ಸರಿ, ಕೇಳಿದ್ದೂ ಸರಿ. ಆದರೆ ಚೆನ್ನೈಯಲ್ಲಿ ನ್ಯಾಯವಾದದ್ದು ಉಯ್ಯಂಬಳ್ಳಿಯಲ್ಲಿ ನ್ಯಾಯವಲ್ಲವೇ? ದಿಲ್ಲಿ ನಮ್ಮ ಪಾಲು ಕಡಮೆ ಮಾಡೀತು ಎಂಬ ಭಯ ಒಂದು ಕಡೆ. ಬೆಂಗಳೂರಿನಿಂದ ನಮ್ಮ ತಾಲ್ಲೂಕು ಪಂಚಾಯಿತಿಗೆ ಬರಬೇಕಾದ ಪಾಲು ಸೊನ್ನೆಯಾಗಿಯೇ ಇದ್ದದ್ದು ಇನ್ನೊಂದು ಕಡೆ.

ಹಾಗಾದರೆ ನಾವು ಮಾಡುವುದೇನು ಎಂದು ಹಿಂದಿನ ಸಾಲಿನವರು ಕೇಳುತ್ತಿದ್ದೀರಿ. ಕೆಲಸ ದೊಡ್ಡದೇನಲ್ಲ, ಆದರೆ ಅವಧಿ ಚಿಕ್ಕದು. ಗೆರೆ ಗೆಜೆಟ್ಟಿಗೆ ಹೋದ ಮೇಲೆ ಕೋರ್ಟಿನಲ್ಲಿ ಕಿಟಕಿ ಮಾತ್ರ ಉಂಟು. ಕರಡು ಇರುವಾಗ ಬಾಗಿಲು ಪೂರ್ತಿ ತೆರೆದಿರುತ್ತದೆ. ಬೆಂಗಳೂರಿನ 243 ವಾರ್ಡಿನ ಕರಡಿಗೆ ಆಕ್ಷೇಪಣೆ ಕೊಡಲು ಸಿಕ್ಕ ಅವಧಿ 15 ದಿನ. ಆ ದಿನಗಳಲ್ಲಿ ಓಡಾಡುವವರು ಯಾರು? ಟಿಕೆಟ್ಟಿನ ಆಕಾಂಕ್ಷಿಗಳು, ನಿವೇಶನದ ದಲ್ಲಾಳಿಗಳು, ಅವರ ವಕೀಲರು. ಪಾಳಿಗೆ ಹೋಗುವವನಿಗೆ, ಅಂಗಡಿ ಬಾಗಿಲು ತೆರೆಯಬೇಕಾದವನಿಗೆ ಕರಡು ಬಂದದ್ದೇ ಗೊತ್ತಾಗುವುದಿಲ್ಲ.

ಆದ್ದರಿಂದ ಹೋಬಳಿಗೆ ಇಬ್ಬರನ್ನು ಈಗಲೇ ಗೊತ್ತು ಮಾಡಿ. ಒಬ್ಬರು ಮಿಲ್ಲಿನವರು, ಒಬ್ಬರು ಪೇಟೆಯವರು. ಇಬ್ಬರಲ್ಲಿ ಒಬ್ಬರು ಹೆಣ್ಣುಮಗಳಾದರೆ ಇನ್ನೂ ಒಳ್ಳೆಯದು. ಕಚೇರಿಯವರು ಅವರನ್ನು ನಾಳೆ ಬನ್ನಿ ಎಂದು ಸುಲಭವಾಗಿ ಅಟ್ಟುವುದಿಲ್ಲ. ತಾಲ್ಲೂಕು ಕಚೇರಿಯ ನೋಟೀಸು ಬೋರ್ಡನ್ನು ವಾರಕ್ಕೊಮ್ಮೆ ನೋಡುವುದು ಅವರ ಕೆಲಸ. ಕರಡು ಬಂದ ದಿನವೇ ಅದರ ಪ್ರತಿ ತೆಗೆಸಿ ಹಳ್ಳಿಯ ಅರಳಿಕಟ್ಟೆಯಲ್ಲಿ ಓದಿ ಹೇಳಲಿ. ಆಕ್ಷೇಪಣೆಯಲ್ಲಿ ಬೈಗುಳ ಬೇಡ, ಪಕ್ಷದ ಮಾತೂ ಬೇಡ. ನಮ್ಮ ಊರಿನಿಂದ ನೀವು ಸೇರಿಸಿದ ಊರಿಗೆ ನಡುವೆ ಹೊಳೆಯಿದೆ, ಸೇತುವೆಯಿಲ್ಲ, ಬಸ್ಸು ಇಲ್ಲ, ಕಾಡು ಅಡ್ಡವಿದೆ, ನಮ್ಮ ಸಂತೆ, ನಮ್ಮ ಶಾಲೆ, ನಮ್ಮ ಆಸ್ಪತ್ರೆ ಈ ಕಡೆ ಇದೆ, ಜನಸಂಖ್ಯೆ ಇಷ್ಟು, ಪಕ್ಕದ ಕ್ಷೇತ್ರದ್ದು ಇಷ್ಟು. ಹೀಗೆ ಲೆಕ್ಕ ಮತ್ತು ದಾರಿ ಮಾತ್ರ ಬರೆಯಿರಿ. ಜನಸಂಖ್ಯೆ ಸಮನಾಗಿರಬೇಕು, ಭೂಗೋಳ ಒಂದಾಗಿರಬೇಕು, ಜನರಿಗೆ ಹೋಗಿ ಬರಲು ಅನುಕೂಲವಾಗಿರಬೇಕು ಎಂದು ಕಾನೂನೇ ಹೇಳುವುದರಿಂದ ಅಧಿಕಾರಿ ಉತ್ತರ ಬರೆಯಲೇಬೇಕಾಗುತ್ತದೆ. ಬರೆಯದಿದ್ದರೆ ಮುಂದೆ ಹೈಕೋರ್ಟಿನಲ್ಲಿ ಆ ಕಾಗದವೇ ನಿಮ್ಮ ಸಾಕ್ಷಿ. ನಲವತ್ತು ಮನೆಯವರು ಸಹಿ ಹಾಕಿ, ಎರಡು ಪ್ರತಿ ಮಾಡಿ, ಒಂದರ ಮೇಲೆ ತಾರೀಖಿನ ಸಮೇತ ಸ್ವೀಕೃತಿಯ ಮೊಹರು ಒತ್ತಿಸಿಕೊಳ್ಳಿ. ಮೊಹರು ಬೀಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.

ಇನ್ನು ನಿಮ್ಮ ಪ್ರಶ್ನೆಗಳು. ಮೊದಲು ಆ ಮೂಲೆಯಲ್ಲಿ ಕೈ ಎತ್ತಿರುವ ತಾಯಿಯವರು ಕೇಳಲಿ.